ಈ ವಾರದ ಚಿತ್ರ: ಶರಾಕು ಕಂಡ ಖಳನಟ

ಎಲ್ಲರಿಗೂ ನಮಸ್ಕಾರ. ಈ ವಾರ ಜಪಾನಿನ ಶರಾಕು ಬಿಡಿಸಿದ ಕಬುಕಿ (ಅಲ್ಲಿನ ಸಾಂಪ್ರದಾಯಿಕ ನಾಟಕ) ನಟ ಮೂರನೇ ಓತಾನಿ ಓನಿಜಿಯ ಚಿತ್ರ ನೋಡೋಣ. 1794ರದ್ದು, ಮರದ ಅಚ್ಚಿನಿಂದ ಕಾಗದಕ್ಕೆ ಒತ್ತಿದ್ದು. ಚಿತ್ರ ಮೇಲೆ ಹಾಕಿದ್ದೇನೆ.

ಮೊದಲು ಫೋನಿನಲ್ಲಿ ದೊಡ್ಡದು ಮಾಡಿ ಕೈಗಳನ್ನು ನೋಡಿ. ಬೆರಳುಗಳನ್ನು ಅಗಲಿಸಿ ಬಟ್ಟೆಯೊಳಗಿಂದ ಹೊರಗೆ ಚಾಚಿದ್ದಾನೆ. ಮುಖಕ್ಕೆ ಹೋಲಿಸಿದರೆ ಕೈ ತೀರಾ ಚಿಕ್ಕದು, ಅಲ್ವಾ? ಪಾತ್ರದ ಹೆಸರು ಎದೊಬೆ, ದುಡ್ಡು ದೋಚಲು ಬಂದ ಆಳು. ಆ ಬಿಗಿದ ತುಟಿ, ಮುಂದೆ ಬಂದ ಗದ್ದ ನೋಡಿದರೇ ಸಾಕು. ಹಿಂದಿನ ಬೂದು ಬಣ್ಣದಲ್ಲಿ ಕಾಗೆಬಂಗಾರದ ಪುಡಿ ಇದೆ. ಫೋಟೋದಲ್ಲಿ ಮಂಕು, ನಿಜವಾದ ಹಾಳೆಯನ್ನು ಓರೆ ಮಾಡಿದರೆ ಮಿನುಗುತ್ತದೆ.

ಬೇರೆ ಕಲಾವಿದರು ನಟರನ್ನು ಚಂದ ಮಾಡಿ ತೋರಿಸುತ್ತಿದ್ದರು. ಶರಾಕು ಹೆಣ್ಣು ವೇಷದವರ ಗಂಡು ಮುಖವನ್ನೂ ಮುಚ್ಚಿಡಲಿಲ್ಲ. ನನಗೆ ಇಷ್ಟವಾಗುವುದೇ ಅದು. ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಮಾಡಿ ಆಮೇಲೆ ಸುದ್ದಿಯೇ ಇಲ್ಲ! ಪ್ರಕಟಿಸಿದವನು ಎದೋ (ಈಗಿನ ಟೋಕಿಯೋ) ನಗರದ ತ್ಸುತಾಯ ಜೂಜಬುರೋ.

ನಿಮಗೆ ಕಂಡಿದ್ದನ್ನು ಭಾನುವಾರ ರಾತ್ರಿಯೊಳಗೆ ಬರೆಯಿರಿ, ಎರಡು ಸಾಲಾದರೂ ಸರಿ. ಸುಮ್ನೆ ಹೆಬ್ಬೆರಳು ಒತ್ತಿ ಬಿಡಬೇಡಿ.