‘ತಾಳ್ಮೆ’ ಎಂಬ ಮಾತಿನ ಬಳಕೆಯನ್ನು ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಾದರ ನಮಸ್ಕಾರಗಳು.

ಕಳೆದ ವಾರ ನಾಲ್ಕನೇ ತರಗತಿಯ ಹುಡುಗನೊಬ್ಬ ಪಾಠವನ್ನು ಗಟ್ಟಿಯಾಗಿ ಓದುತ್ತ ‘ದ್ರಾಕ್ಷಿ’ ಎಂಬಲ್ಲಿ ತಡವರಿಸಿದ. ‘ದ್ರಾ’ದ ಮೇಲೆ ಬೆರಳಿಟ್ಟು ಮುಂದಿನ ಅಕ್ಷರವನ್ನು ಕೂಡಿಸಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನ ನಾಲ್ಕಾರು ಮಕ್ಕಳು ಆ ಪದವನ್ನು ಕೂಗಿಯೇಬಿಟ್ಟರು. ಹುಡುಗ ಪುಸ್ತಕ ಮುಚ್ಚಿದ. ‘ತಾಳ್ಮೆ ಇರಲಿ’ ಎಂದು ನಾನು ಹೇಳಿದ್ದು ಅವನಿಗೆ. ಹೇಳಬೇಕಾಗಿದ್ದುದು ಹಿಂದಿನ ಬೆಂಚಿಗೆ ಎಂಬುದು ಹೊಳೆದದ್ದು ಗಂಟೆ ಹೊಡೆದ ಮೇಲೆ.

‘ದುಡಿ’ಯಿಂದ ದುಡಿಮೆ ಆದಂತೆ ‘ತಾಳು’ ಎಂಬುದರಿಂದ ತಾಳ್ಮೆ ಆಗಿದೆ. ತಾಳುವುದೆಂದರೆ ಕಾಯುವುದು, ಸಹಿಸುವುದು, ಜೊತೆಗೆ ಬಾಳಿಕೆ ಬರುವುದು. ‘ಈ ಪಾಟೀಚೀಲ ಎರಡು ವರ್ಷ ತಾಳ್ತದ’ ಎಂದು ನಮ್ಮ ವಿಜಯಪುರದ ಅಂಗಡಿಯವರು ಹೇಳುವಾಗ ಹೊಗಳುವುದು ಚೀಲದ ಗಟ್ಟಿತನವನ್ನು. ಸಂಸ್ಕೃತದಿಂದ ಬಂದ ‘ಸಹನೆ’ಯ ಮೂಲವಾದ ‘ಸಹ್’ ಧಾತುವಿಗೂ ತಡೆದುಕೊಳ್ಳುವುದರ ಜೊತೆಗೆ ಗೆಲ್ಲುವುದು ಎಂಬ ಹಳೆಯ ಅರ್ಥವಿದೆ. (ನಾವು ಈಗ ಹೇಸಿಗೆಗೆ ಬಳಸುವ ‘ಅಸಹ್ಯ’ ಕೂಡ ಮೂಲದಲ್ಲಿ ‘ಸಹಿಸಲಾಗದ್ದು’ ಎಂದಷ್ಟೇ.)

ಹೀಗಿರುವಾಗ ‘ತಾಳ್ಮೆ’ ಎಂಬ ಮಾತನ್ನು ದೊಡ್ಡವರಾದ ನಾವು ‘ಸುಮ್ಮನಿರು’ ಎಂಬುದಕ್ಕೆ ಬದಲಾಗಿ ಬಳಸುತ್ತಿರುವುದು ನನಗೆ ಸರಿಕಾಣುವುದಿಲ್ಲ. ನಳದ ಬಳಿ ದಿನವೂ ತಳ್ಳಿಸಿಕೊಳ್ಳುವ ಹುಡುಗಿ ದೂರು ತಂದರೆ ‘ದಮ್ಮ ಹಿಡಿ, ತಾಳ್ಮೆ ಬೇಕು’ ಎಂದು ಕಳಿಸುತ್ತೇವೆ. ಆದರೆ ತಾಳ್ಮೆ ಎಂಬುದು ತಾಳುವ ಶಕ್ತಿಯುಳ್ಳವರು ತಾವಾಗಿ ತಾಳುವುದಕ್ಕೆ ಸಲ್ಲುವ ಹೆಸರು, ಬೇರೆ ದಾರಿ ಕಾಣದೆ ನುಂಗಿಕೊಳ್ಳುವುದಕ್ಕೆ ಸಲ್ಲದು. ಅಂಥ ದೂರುಗಳನ್ನು ಮಕ್ಕಳು ಮನೆಯಲ್ಲಿ ಹೇಳಿದರೆ ದಯವಿಟ್ಟು ಶಾಲೆಗೆ ತಿಳಿಸಿ.

ಮಕ್ಕಳಿಗೆ ನಾನು ಗೋಳಗುಮ್ಮಟದ ಉದಾಹರಣೆ ಕೊಟ್ಟೆ. ಮೇಲಿನ ಗ್ಯಾಲರಿಯಲ್ಲಿ ಎಲ್ಲರೂ ಒಮ್ಮೆಲೇ ಕೂಗಿದರೆ ಯಾರ ದನಿಯೂ ತಿಳಿಯುವುದಿಲ್ಲ. ಗದ್ದಲ ಅಡಗುವವರೆಗೆ ಕಾದವರಿಗೆ ಎದುರು ಬದಿಯ ಪಿಸುಮಾತೂ ಕೇಳುತ್ತದೆ. ಎಲ್ಲರೂ ಒಪ್ಪಿದರು, ಒಪ್ಪಿದೆವೆಂದು ಒಟ್ಟಿಗೆ ಕೂಗಿದರು ಕೂಡ.

ತಮ್ಮಲ್ಲಿ ಒಂದೇ ವಿನಂತಿ. ಮನೆಯಲ್ಲಿ ಮಗು ಓದುವಾಗ ತಡೆದು ನಿಂತರೆ ಪದವನ್ನು ತಾವೇ ಹೇಳಿಕೊಡಬೇಡಿ. ಬೆರಳು ಅಕ್ಷರದ ಮೇಲೆ ಇರುವವರೆಗೆ ಮಗು ಇನ್ನೂ ಯೋಚಿಸುತ್ತಿದೆ ಎಂದು ತಿಳಿದು ಪಕ್ಕದಲ್ಲಿ ಕುಳಿತಿರಿ. ಬರುವ ಸೋಮವಾರ ಆ ಹುಡುಗನ ಓದಿನ ಸರದಿ ಮತ್ತೆ ಬರುತ್ತದೆ. ಹಿಂದಿನ ಬೆಂಚಿಗೆ ಈ ಬಾರಿ ಮೊದಲೇ ಹೇಳಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ವಿಜಯಪುರ