ಗೊಬ್ಬರದ ತೊಟ್ಟಿ ಕಟ್ಟಿಸಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಕೊಳೆಗೇರಿಗಳಲ್ಲಿ ಕಟ್ಟಿಸಿದ ಸಾಮೂಹಿಕ ಗೊಬ್ಬರದ ತೊಟ್ಟಿ ಎಷ್ಟೋ ಕಡೆ ನೊಣ ಮುತ್ತುವ ಕಸದ ಗುಂಡಿಯಾಗಿಬಿಡುತ್ತದೆ. ‘ಜನರಿಗೆ ಶಿಸ್ತಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಕೊರತೆ ಬಹುತೇಕ ಒಣ ಎಲೆಯದು. ಅಡುಗೆಮನೆಯ ಹಸಿ ಕಸದಲ್ಲಿ ನೀರು, ಸಾರಜನಕ ಎರಡೂ ಹೆಚ್ಚು. ಒಂದು ಬಕೆಟ್ ಹಸಿ ಕಸಕ್ಕೆ ಒಂದರಿಂದ ಎರಡು ಬಕೆಟ್ ತರಗೆಲೆಯೋ ಮರದ ಹೊಟ್ಟೋ ಬೀಳದಿದ್ದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಇಕ್ಕಟ್ಟಿನ ಓಣಿಗಳಲ್ಲಿ ಮರಗಳೇ ಕಡಿಮೆ. ಹಾಗಾಗಿ ಉದ್ಯಾನ, ರಸ್ತೆಬದಿಯಲ್ಲಿ ಗುಡಿಸಿದ ಎಲೆಗೆ ಬೆಂಕಿ ಇಡದೆ, ಮೂಟೆ ಕಟ್ಟಿ ಇಲ್ಲಿಗೆ ತಲುಪಿಸುವ ಏರ್ಪಾಡು ತೊಟ್ಟಿಗಿಂತ ಮೊದಲೇ ಆಗಬೇಕು.

ಉದ್ದ, ಅಗಲ, ಎತ್ತರ ತಲಾ ಒಂದು ಮೀಟರ್‌ಗಿಂತ ಚಿಕ್ಕದಾದ ರಾಶಿಯಲ್ಲಿ ಕಾವು ಉಳಿಯುವುದು ಕಷ್ಟ. ರೋಗಾಣು ಸಾಯಲು ಸತತ 3 ದಿನವಾದರೂ 55 ಡಿಗ್ರಿ ಸೆಲ್ಸಿಯಸ್ ಬೇಕು. ಅಂಚಿನಲ್ಲಿ ಅಷ್ಟು ಕಾವು ಏರದು; ಅದಕ್ಕೇ ಹೊರಗಿನದು ಒಳಗಾಗುವಂತೆ ವಾರಕ್ಕೊಮ್ಮೆ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಜಿನುಗಿದರೆ ಹದ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಒಣ ಎಲೆ ಸೇರಿಸಿ. ಗೋಡೆಗೆ ಗಾಳಿಕಂಡಿ, ಅದಕ್ಕೆ ಇಲಿ ನುಸುಳದಂಥ ಸಣ್ಣ ಕಣ್ಣಿನ ತಂತಿಬಲೆ, ಮೇಲೊಂದು ಸೂರು ಇರಲಿ. ತಳ ನೆಲಕ್ಕಿಂತ ಎತ್ತರದಲ್ಲಿರಲಿ, ಮಳೆಗಾಲದಲ್ಲಿ ಚರಂಡಿ ನೀರು ನುಗ್ಗಬಾರದಲ್ಲ!

ಒಂದೇ ತೊಟ್ಟಿಯಂತೂ ಬೇಡ. ತುಂಬಿದ್ದು ಮಾಗುವವರೆಗೆ ಹೊಸ ಕಸಕ್ಕೆ ಇನ್ನೊಂದು ಬೇಕೇ ಬೇಕು. ಕಸ ಬೇರ್ಪಡಿಸಿ ಮಗುಚುವವರ ಕೂಲಿಯನ್ನು ಮೊದಲ ಅಂದಾಜು ಪಟ್ಟಿಯಲ್ಲೇ ಬರೆಯಿರಿ. ಗೊಬ್ಬರ ಮಾರಿದ ದುಡ್ಡಿನಲ್ಲೇ ಆ ಕೂಲಿ ಗಿಟ್ಟುತ್ತದೆ ಎಂದು ನಂಬಿ ಕೂರಬೇಡಿ.