ದಿಮ್ಮಿ ಲಾರಿಯ ತೂಕ ಘಾಟಿ ಇಳಿಯುವ ಮೊದಲೇ ಆಗಲಿ

ಮಾನ್ಯ ಸಂಪಾದಕರೇ,

ನಾನು 26 ವರ್ಷ ಲಾರಿ ಓಡಿಸಿದವನು. ಹೆಚ್ಚಿನದೆಲ್ಲ ಮರದ ಲೋಡೇ. ಕೊಡಗಿನ ಕಾಫಿ ತೋಟಗಳಿಂದ ಸಿಲ್ವರ್ ಮರ ಹೇರಿಕೊಂಡು, ಮಾಕುಟ್ಟ ಘಾಟಿ ಇಳಿದು, ಕೇರಳದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತಿದ್ದೆ. ಮಂಡಿ ನೋವು ಜಾಸ್ತಿಯಾದ ಮೇಲೆ ಬಿಟ್ಟೆ.

ಮೊನ್ನೆ ನಮ್ಮೂರಿನ ಏರಿನಲ್ಲಿ ಒಂದು ಟ್ರ್ಯಾಕ್ಟರ್ ಹೋಗುವುದು ಕಂಡೆ. ಟ್ರೈಲರ್ ತುಂಬ ಹಸಿ ದಿಮ್ಮಿ. ಏರಿನ ಅರ್ಧಕ್ಕೆ ಬಂದಾಗ ಟ್ರ್ಯಾಕ್ಟರಿನ ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಗೇಣುದ್ದ ಮೇಲೆದ್ದವು. ಮುಂದಿನ ಚಕ್ರ ನೆಲ ಮುಟ್ಟದಿದ್ದರೆ ಸ್ಟೀರಿಂಗ್ ಎತ್ತ ತಿರುಗಿಸಿ ಏನು ಪ್ರಯೋಜನ? ಹಿಂದೆಯೇ ಒಬ್ಬ ತಾಯಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ದಿಮ್ಮಿಗಳು ಟ್ರೈಲರಿನಿಂದ ಆಚೆಗೆ ಚಾಚಿಕೊಂಡಿದ್ದವು. ತುದಿಗೆ ಕೆಂಪು ಬಟ್ಟೆ ಇಲ್ಲ, ಹಿಂದಿನ ದೀಪ ಮರದ ಮರೆಯಲ್ಲಿ. ಆ ದಿಮ್ಮಿಯ ತುದಿ ಸರಿಯಾಗಿ ಮಗುವಿನ ಮುಖದ ಮಟ್ಟಕ್ಕಿತ್ತು. ಅವತ್ತು ಏನೂ ಆಗಲಿಲ್ಲ. ಆದರೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ದಿಮ್ಮಿ ಅಂದರೆ ಅಕ್ಕಿ ಮೂಟೆಯ ಹಾಗಲ್ಲ. ಮೂಟೆ ಹಾಕಿದ ಕಡೆ ಕೂರುತ್ತದೆ, ದಿಮ್ಮಿ ಉರುಳುತ್ತದೆ. ಈಗ ತಾನೇ ಕಡಿದ ಮರದಲ್ಲಿ ನೀರಿನಂಶ ಜಾಸ್ತಿ, ಒಣ ಮರಕ್ಕಿಂತ ಎಷ್ಟೋ ಭಾರ. ತೊಗಟೆ ಕಳಚಿದ ಹಸಿ ದಿಮ್ಮಿಯನ್ನು ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ, ಸೋಪಿನ ಹಾಗೆ ಜಾರುತ್ತದೆ. ಅಂಥದ್ದನ್ನು ಪಕ್ಕದ ಗೂಟಗಳಿಗಿಂತಲೂ ಎತ್ತರಕ್ಕೆ ಪೇರಿಸಿ, ಮೇಲೆ ಒಂದು ನೈಲಾನ್ ಹಗ್ಗ ಬಿಗಿದು ಕಳಿಸುತ್ತಾರೆ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಲೋಡು ಅದುರಿ ಅದುರಿ ಕೆಳಗೆ ಕೂತಿರುತ್ತದೆ, ಹಗ್ಗ ಸಡಿಲ ಆಗಿರುತ್ತದೆ. ಇಳಿದು ಮತ್ತೆ ಬಿಗಿಯಬೇಕು. ಕತ್ತಲಲ್ಲಿ, ಮಳೆಯಲ್ಲಿ ಎಷ್ಟು ಜನ ಇಳಿಯುತ್ತಾರೆ?

ನನ್ನದೇ ಅನುಭವ ಹೇಳುತ್ತೇನೆ. ಒಂದು ವರ್ಷ ಮೇ ಕೊನೆಯ ವಾರ. ಬೇಡ ಅಂದರೂ ಕೇಳದೆ ಮೂರು ಟನ್ ಜಾಸ್ತಿ ಹೇರಿದ್ದರು. ನಾನೂ ಒಪ್ಪಿಕೊಂಡೆ, ಅದು ನನ್ನ ತಪ್ಪು. ಘಾಟಿಯ ಮೇಲೆ ಸಿಗುವ ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇದ್ದೆ. ಆದರೂ ಲಾರಿ ತಳ್ಳಿಕೊಂಡು ಹೋಗುತ್ತಿತ್ತು. ಬ್ರೇಕ್ ತುಳಿದು ತುಳಿದು ಡ್ರಮ್ ಕಾದು ಸುಟ್ಟ ವಾಸನೆ ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಚಕ್ರದ ಹತ್ತಿರ ಹೊಗೆ. ಕಾದ ಬ್ರೇಕ್ ಲೈನರ್ ಹಿಡಿಯುವುದಿಲ್ಲ, ಮತ್ತೆ ಮತ್ತೆ ತುಳಿದರೆ ಬ್ರೇಕ್ ಹಿಡಿಸುವ ಏರ್ ಪ್ರೆಷರ್ರೂ ಇಳಿಯುತ್ತದೆ. ತಿರುವಿನಲ್ಲಿ ಬೇರೆ ದಾರಿ ಕಾಣದೆ ಲಾರಿಯ ಪಕ್ಕವನ್ನು ಗುಡ್ಡಕ್ಕೆ ಉಜ್ಜಿಸಿದೆ. ಗಾಡಿ ನಿಂತಿತು. ಮರ ನಿಲ್ಲಲಿಲ್ಲ. ಮೇಲಿನ ಸಾಲಿನ ಒಂದು ದಿಮ್ಮಿ ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಗಡನ್ನು ಒಳಕ್ಕೆ ತಳ್ಳಿತು. ಕ್ಲೀನರ್ ಹುಡುಗನ ಕಿವಿಗೂ ಆ ತಗಡಿಗೂ ನಾಲ್ಕು ಬೆರಳು ಜಾಗ ಇತ್ತು. ಅವನಿಗೆ 19 ವರ್ಷ. ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ರಸ್ತೆ ಬದಿಯಲ್ಲಿ ಕೂತು ತುಂಬಾ ಹೊತ್ತು ಮಾತೇ ಆಡಲಿಲ್ಲ.

ಮೇ ಕೊನೆ ಅಂದೆನಲ್ಲ, ಅದಕ್ಕೊಂದು ಕಾರಣ ಇದೆ. ಮಳೆಗಾಲದಲ್ಲಿ ಕೊಡಗಿನ ರಸ್ತೆಗಳಲ್ಲಿ ಮರದ ಲಾರಿಗಳಿಗೆ ಜಿಲ್ಲಾಡಳಿತ ತಡೆ ಹಾಕುತ್ತದೆ. 2018ರ ಮಳೆಯಲ್ಲಿ ಗುಡ್ಡ ಕುಸಿದು ಮಾಕುಟ್ಟ ರಸ್ತೆ ಹಾಳಾದದ್ದು ನೋಡಿದವರಿಗೆ ಈ ತಡೆ ಎಷ್ಟು ಬೇಕು ಅಂತ ಗೊತ್ತು. ಆದರೆ ತಡೆ ಬರುವ ಮೊದಲಿನ ಹದಿನೈದು ದಿನ ನೋಡಿ. ಕಡಿದ ಮರ ತೋಟದಲ್ಲಿ ಉಳಿಯಬಾರದು ಅಂತ ಎಲ್ಲರಿಗೂ ಅವಸರ. ಎರಡು ಟ್ರಿಪ್ಪಿನ ಮರ ಒಂದೇ ಟ್ರಿಪ್ಪಿಗೆ ಹೋಗಿಬಿಡಲಿ ಅನ್ನುತ್ತಾರೆ. ಬಾಡಿಗೆಯೂ ಟನ್ ಲೆಕ್ಕ. ಭಾರ ಜಾಸ್ತಿಯಾದಷ್ಟೂ ದುಡ್ಡು ಜಾಸ್ತಿ. ಡ್ರೈವರ್‌ಗೆ ಸಿಗುವುದು ಮಾತ್ರ ಅದೇ ಬಾಟಾ, ಅಂದರೆ ಭತ್ಯೆ.

ಕಾನೂನು ಇಲ್ಲ ಅಂತಲ್ಲ. 2018ರಲ್ಲಿ ಕೇಂದ್ರ ಸರ್ಕಾರವೇ ತೂಕದ ಮಿತಿ ಏರಿಸಿತು. ಆರು ಚಕ್ರದ ಲಾರಿಗೆ ಗಾಡಿಯ ತೂಕವೂ ಸೇರಿ 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಚಕ್ರಕ್ಕೆ 25 ಇದ್ದದ್ದು 28.5. ಅಷ್ಟೂ ಸಾಲದೇ? ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಿತಿ ಮೀರಿದರೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್ನಿಗೆ ಇನ್ನೂ 2,000. ಹೆಚ್ಚಿನ ಲೋಡು ಇಳಿಸುವ ತನಕ ಗಾಡಿ ಬಿಡುವ ಹಾಗೇ ಇಲ್ಲ. ಮುಖ್ಯ ಮಾತು ಏನೆಂದರೆ, ಈ ದಂಡ ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಹಚ್ಚಿದವರಿಗೆ, ಬಿಟ್ಟವರಿಗೂ ಅಂತ ಅದೇ ಕಲಮಿನಲ್ಲಿದೆ. ನಾನು ಕಂಡ ಮಟ್ಟಿಗೆ ಸ್ಟೇಷನ್ ಮೆಟ್ಟಿಲು ಹತ್ತಿದವರು ಡ್ರೈವರ್‌ಗಳೇ. ತೋಟದಲ್ಲಿ ನಿಂತು 'ಇನ್ನೊಂದು ಸಾಲು ಹಾಕ್ರೋ' ಅಂದವರನ್ನು ಯಾರೂ ಕರೆದು ಕೇಳಲಿಲ್ಲ.

ನನ್ನ ಮನವಿ ಇಷ್ಟೇ. ಮರ ಹೇರಿದ ಊರಿನಲ್ಲೇ ಹತ್ತಿರದ ವೇಬ್ರಿಡ್ಜಿನಲ್ಲಿ ತೂಕ ಹಾಕಿಸಲಿ. ಆ ಚೀಟಿಯಲ್ಲಿ ಲೋಡು ಕೊಟ್ಟವರ ಸಹಿಯೂ ಇರಲಿ. ಪೆರುಂಬಾಡಿಯಲ್ಲಿ ಚೀಟಿ ನೋಡದೆ ಒಂದು ದಿಮ್ಮಿ ಲಾರಿಯನ್ನೂ ಕೆಳಗೆ ಬಿಡಬೇಡಿ. ಘಾಟಿಯ ಮಧ್ಯೆ ತಡೆದರೆ ಲೋಡು ಇಳಿಸಲು ಜಾಗವೇ ಇರುವುದಿಲ್ಲ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಗೂಟದ ಮಟ್ಟಕ್ಕಿಂತ ಮೇಲೆ ದಿಮ್ಮಿ ಕಂಡರೆ ಅಲ್ಲೇ ನಿಲ್ಲಿಸಿ ಇಳಿಸಲಿ. ಇದಕ್ಕೆ ಯಂತ್ರ ಬೇಡ, ಕಣ್ಣಿದ್ದರೆ ಸಾಕು ಅಲ್ವಾ? ಮುಂದಿನ ಮೇ ತಿಂಗಳ ಅವಸರ ಶುರುವಾಗುವ ಮೊದಲು ಸಾರಿಗೆ ಇಲಾಖೆ, ಪೊಲೀಸ್, ಅರಣ್ಯ ಇಲಾಖೆಯವರು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಬೇಕು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಲಾರಿ ಚಾಲಕ, ವಿರಾಜಪೇಟೆ ತಾಲ್ಲೂಕು